ಟ್ರೇ ಖಾಲಿ ಆಗಿಲ್ಲ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಬೋಲ್ಟು ಮಾಮ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಅರೆದು ಫ್ರೇಮಿಗೆ ಕೂರಿಸುವುದು ಅವರ ಕಸುಬು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳ ಜೊತೆ ದಿನವಿಡೀ ಗುದ್ದಾಡಿ ಬಂದವರಿಗೆ, ಮನೆಯಲ್ಲಿ ಕೈತುಂಬಾ ಸಿಗುವ ನಟ್ಟು ಬೋಲ್ಟು ಮುಟ್ಟಿದಾಗಲೇ ಮತ್ತೆ ಜೀವ ಬಂದ ಹಾಗಾಗುತ್ತಿತ್ತು.

ಅವರ ಹಸಿರು ಬೈಕು ಮದುವೆಗಿಂತ ಸ್ವಲ್ಪ ಚಿಕ್ಕದು, ಮಗಳಿಗಿಂತ ಸ್ವಲ್ಪ ದೊಡ್ಡದು. ಈಗ ಅದನ್ನು ಓಡಿಸುವವಳು ಮಗಳು. ಅವಳಿಗೆ ಪ್ರಯೋಗಾಲಯದಲ್ಲಿ ಕೆಲಸ. ಮನೆಮನೆಗೆ ಹೋಗಿ ಕಾಯಿಲೆಯವರ ರಕ್ತ ತೆಗೆದುಕೊಂಡು, ಸಣ್ಣ ಶೀಶೆಗಳನ್ನು ಕೆಂಪು ಡಬ್ಬಿಯಲ್ಲಿಟ್ಟು, ಇಳಿಜಾರು ರಸ್ತೆಯ ಕೆಳಗಿರುವ ದೊಡ್ಡ ಪ್ರಯೋಗಾಲಯಕ್ಕೆ ತಲುಪಿಸಬೇಕು. ಓಡಿಸುವವಳು ಅವಳಾದರೂ ಎಣ್ಣೆ, ಚೈನು, ಬ್ರೇಕು ಎಲ್ಲ ಅಪ್ಪನದೇ ಉಸ್ತುವಾರಿ. ಗಾಡಿ ಶೋರೂಮಿಗೆ ಹೋಗುವಂತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಮಾಮ ಒಮ್ಮೆ ಗಾಡಿಯನ್ನು ಶೋರೂಮಿಗೆ ಬಿಟ್ಟಿದ್ದರು. ಅಲ್ಲಿ ಯಾರೋ ಎಂಜಿನ್ ಕೆಳಗಿನ ಎಣ್ಣೆ ಬಿರಡೆಯನ್ನು ಬಿಗಿಯಬಾರದಷ್ಟು ಬಿಗಿದು ಅದರ ತಿರುಪಿನ ಗೆರೆಗಳನ್ನೇ, ಅಂದರೆ ಮರೆಯನ್ನೇ, ಸವೆಸಿಬಿಟ್ಟಿದ್ದರು. ಮನೆಗೆ ಬರುವ ದಾರಿಯಲ್ಲಿ ಎಣ್ಣೆ ಸೋರಿ ಹಿಂದಿನ ಚಕ್ರಕ್ಕೆ ಮೆತ್ತಿತು. ತಿರುವಿನಲ್ಲಿ ಗಾಡಿ ಜಾರಿತು. ಮಾಮನ ಬಲಗೈ ಮಣಿಕಟ್ಟು ಮುರಿಯಿತು. ಗಾಜು ಅರೆಯುವವನಿಗೆ ಮಣಿಕಟ್ಟು ಹೋದರೆ ಇನ್ನೇನುಳಿಯಿತು? ಪಟ್ಟಿ ಕಟ್ಟಿದ ಕೈಯಲ್ಲೇ ಶೋರೂಮಿಗೆ ಹೋಗಿ ಕೇಳಿದರೆ, ಅಲ್ಲಿನ ಫೋರ್‌ಮನ್, "ಗಾಡಿ ಬರುವಾಗ್ಲೇ ಹಾಗಿತ್ತು" ಎಂದು ಮುಖ ತಿರುಗಿಸಿದ. ಅಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಮಾಮ ಕೂಗಿದ್ದರು: "ನಿಮ್ಮ ಕೈಗೆ ಮಕ್ಕಳ ಮೂರು ಚಕ್ರದ ಸೈಕಲ್ಲೂ ಕೊಡಬಾರದು ಕಣ್ರೀ!" ಅಂದಿನಿಂದ ಆ ಹೊಸ್ತಿಲು ತುಳಿದವರಲ್ಲ. ಶೋರೂಮಿನ ಹುಡುಗರು ರಸ್ತೆಯಲ್ಲಿ ಗಾಡಿಗಳಿಗೆ ಕೈ ಅಡ್ಡ ಹಿಡಿದು ಉಚಿತ ತಪಾಸಣೆಯ ಚೀಟಿ ಹಂಚುವುದುಂಟು. ಅವರನ್ನು ಕಂಡರೆ ನಿಲ್ಲಿಸಲೇಬೇಡ ಎಂದು ಮಗಳಿಗೂ ಹೇಳಿಟ್ಟಿದ್ದರು.

ಮಾಮನ ಕೆಲಸದ ರೀತಿಯೇ ಬೇರೆ. ಬೈಕಿನ ಪಕ್ಕ ಒಂದು ಮೊಟ್ಟೆ ಟ್ರೇ ಇಟ್ಟುಕೊಳ್ಳುತ್ತಿದ್ದರು. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಗೆ ಹಾಕುವುದು, ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುವುದು. ಟ್ರೇ ಖಾಲಿಯಾಯಿತೆಂದರೆ ಕೆಲಸ ಮುಗಿಯಿತು. ಟ್ರೇಯಲ್ಲಿ ಒಂದು ವಾಷರ್ ಉಳಿದಿದ್ದರೂ ಗಾಡಿ ಅಂಗಳ ದಾಟುವಂತಿಲ್ಲ. ಬರಬರುತ್ತಾ ಇದು ಆ ಮನೆಯ ಮಾತೇ ಆಗಿಹೋಗಿತ್ತು. ಪರೀಕ್ಷೆಗೆ ಓದುವಾಗ ಮಗಳು, "ಅಮ್ಮಾ, ಇನ್ನೂ ಟ್ರೇ ಖಾಲಿ ಆಗಿಲ್ಲ, ಆಮೇಲೆ ಊಟ" ಎನ್ನುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತಿರುವ ಹೆಂಡತಿಯನ್ನು ಮಾಮ, "ನಿನ್ನ ಟ್ರೇ ಯಾವಾಗ ಕಣೇ ಖಾಲಿ ಆಗೋದು?" ಎಂದು ಕೇಳುತ್ತಿದ್ದರು. ಮನೆಯಾಚೆಗೆ ಈ ಮಾತಿನ ಅರ್ಥ ಯಾರಿಗೂ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಮಾಮ ಅಂಗಡಿಗೆ ರಜೆ ಹಾಕಿ ಹಿಂದಿನ ಬ್ರೇಕು ಬಿಚ್ಚಿದ್ದರು. ಚಕ್ರದೊಳಗಿನ ಧೂಳು ಒರೆಸಿ, ಹೊಸ ಬ್ರೇಕ್ ಶೂ ಹಾಕಿ, ಒಂದೊಂದಾಗಿ ಮರಳಿ ಕೂರಿಸುತ್ತಾ ಬಂದರು. ಟ್ರೇಯಲ್ಲಿ ಒಂದೇ ಒಂದು ನಟ್ಟು ಉಳಿದಿತ್ತು. ಬ್ರೇಕಿನ ತಟ್ಟೆ ಚಕ್ರದ ಜೊತೆ ತಾನೂ ತಿರುಗದ ಹಾಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದರ ನಟ್ಟು. ಪಟ್ಟಿಯನ್ನು ಬೋಲ್ಟಿಗೆ ಸಿಕ್ಕಿಸಿಯಾಗಿತ್ತು. ನಟ್ಟು ಹಾಕಿ ಬಿಗಿಯುವುದಷ್ಟೇ ಬಾಕಿ.

ಅಷ್ಟರಲ್ಲಿ ಎದುರು ಮನೆಯ ಮೇಷ್ಟ್ರು ಗೇಟಿಗೆ ಬಂದು ನಿಂತರು. ಒಂದು ಕೈಯಲ್ಲಿ ಕನ್ನಡಕದ ಕಡ್ಡಿ, ಇನ್ನೊಂದು ಕೈಯಲ್ಲಿ ಮಿಕ್ಕ ಕನ್ನಡಕ.

"ಮಾಮ, ಸ್ಕ್ರೂ ಬಿದ್ದೋಯ್ತು ಕಣ್ರೀ. ಇದಿಲ್ದೆ ನನಗೆ ಗೋಡೆ ಯಾವ್ದು, ಬಾಗ್ಲು ಯಾವ್ದು ಗೊತ್ತಾಗಲ್ಲ. ಶಾಲೆಗೆ ಹೊತ್ತಾಯ್ತು."

"ನಿಮ್ಮ ಗಾಡಿ ಎಲ್ಲಿ ಮೇಷ್ಟ್ರೇ, ಕಾಣ್ತಿಲ್ಲ?"

"ಸರ್ವಿಸ್‌ಗೆ ಬಿಟ್ಟಿದೀನಿ, ಶೋರೂಮಲ್ಲಿ."

"ಹಾಗಾದ್ರೆ ಕನ್ನಡಕಾನೂ ಅಲ್ಲೇ ಬಿಡ್ಬೇಕಿತ್ತು. ತೊಳೆದು ಪಾಲಿಶ್ ಹಾಕಿ ಕೊಡ್ತಿದ್ರು."

"ಅಣಕಿಸಿದ್ದು ಸಾಕು ಬನ್ರೀ!"

ಮಾಮ ನಗುತ್ತಾ ಕೈ ಒರೆಸಿಕೊಂಡು ಎದುರು ಮನೆಗೆ ಹೋದರು. ಸ್ಕ್ರೂ ಕುರ್ಚಿಯ ಕೆಳಗೆಲ್ಲೋ ಉರುಳಿತ್ತು. ಅದನ್ನು ಹುಡುಕಿ ಹಾಕುವಷ್ಟರಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು.

ತಿರುಗಿ ಬಂದಾಗ ಮಗಳು ಹೆಲ್ಮೆಟ್ ಹಿಡಿದು ಅಂಗಳದಲ್ಲಿ ಚಡಪಡಿಸುತ್ತಿದ್ದಳು. ಕೆಂಪು ಡಬ್ಬಿಯನ್ನು ಆಗಲೇ ಬೈಕಿಗೆ ಕಟ್ಟಿಯಾಗಿತ್ತು.

"ಆಯ್ತಾ ಅಪ್ಪ? ಉದ್ಯಾನದ ಹತ್ರ ಒಬ್ರು ಅಜ್ಜಿ ಉಪವಾಸ ಕೂತಿದಾರೆ. ನಾನು ಹೋಗಿ ರಕ್ತ ತಗೊಳ್ಳೋವರೆಗೂ ಅವ್ರು ಹನಿ ಕಾಫಿ ಕುಡಿಯೋ ಹಾಗಿಲ್ಲ. ಎರಡು ಸಲ ಫೋನ್ ಮಾಡಿ ಬೈದ್ರು."

ಮಾಮ ಟ್ರೇ ನೋಡಿದರು. ಖಾಲಿ ಇತ್ತು.

ಒಂದು ಕ್ಷಣ ಏನೋ ಅಡ್ಡ ಬಂದ ಹಾಗಾಯಿತು. ಆ ನಟ್ಟು ಬಿಗಿದ ನೆನಪು ಕೈಗೆ ಬರಲಿಲ್ಲ. ಆದರೆ ಬೆಳಿಗ್ಗೆಯಿಂದ ಎಷ್ಟು ನಟ್ಟು ಬಿಗಿದಿಲ್ಲ, ಯಾವುದರ ನೆನಪು ಎಂದು ಇಟ್ಟುಕೊಳ್ಳುವುದು? ಮೇಷ್ಟ್ರು ಬರುವ ಮೊದಲೇ ಹಾಕಿರಬೇಕು. ಟ್ರೇ ಯಾವತ್ತೂ ಸುಳ್ಳು ಹೇಳಿದ್ದಿಲ್ಲ.

"ಟ್ರೇ ಖಾಲಿ. ಹೋಗಿ ಬಾ" ಎಂದರು.

ಯಾವಾಗಲೂ ಬೀದಿಯಲ್ಲಿ ತಾವೇ ಒಂದು ಸುತ್ತು ಓಡಿಸಿ ನೋಡಿದ ಮೇಲೆ ಕೊಡುತ್ತಿದ್ದರು. ಇವತ್ತು ಅದಕ್ಕೂ ವ್ಯವಧಾನವಿರಲಿಲ್ಲ. ಮಗಳು ಗಾಡಿ ಹತ್ತಿ ಹೊರಟೇಬಿಟ್ಟಳು.

ಮಾಮ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದರು. ಸೋಪು ಹಚ್ಚಿ ಕೈ ತೊಳೆಯುತ್ತಿರುವಾಗ ಒಳಗಿನಿಂದ ಹೆಂಡತಿಯ ದನಿ ಬಂತು.

"ರೀ, ಹೇಳೋದೇ ಮರ್ತೆ. ನಿಮ್ಮ ನಟ್ಟು ಒಂದು ನನ್ನ ಗುಂಡಿ ಡಬ್ಬಿಲಿದೆ, ತಗೊಳ್ಳಿ."

ಹೊಲಿಗೆ ಯಂತ್ರದ ಮೇಲೆ ಗುಂಡಿಗಳ ತಗಡಿನ ಡಬ್ಬಿ ತೆರೆದಿತ್ತು. ಬಿಳಿ ಗುಂಡಿ, ಕಪ್ಪು ಗುಂಡಿ, ಕೊಕ್ಕೆಗಳ ನಡುವೆ ಕೈಯಾಡಿಸುತ್ತಿದ್ದವಳು ನಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

"ನಿಮ್ಮನ್ನ ಮೇಷ್ಟ್ರು ಕರ್ಕೊಂಡೋದ್ರಲ್ಲ, ಆಗ ಬಟ್ಟೆ ಗಂಟು ಹೊತ್ಕೊಂಡು ಬಂದೆ. ಗಂಟು ತಾಗಿ ಟ್ರೇ ಮಗುಚಿಕೊಳ್ತು. ಇದೊಂದೇ ಬಿದ್ದಿದ್ದು. ಟ್ರೇಗೆ ಹಾಕೋಣ ಅನ್ನೋಷ್ಟ್ರಲ್ಲಿ ರವಿಕೆ ಅಳತೆ ಕೊಡೋಕೆ ಆ ಹೆಂಗ್ಸು ಬಂದ್ಲು. ಕಳೆದೋಗ್ಬಾರ್ದು ಅಂತ ಇಲ್ಲಿ ಹಾಕಿಟ್ಟೆ. ಯಾಕ್ರೀ? ಯಾಕೆ ಹಾಗೆ ನೋಡ್ತೀರಾ?"

ಮಾಮನ ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ನಟ್ಟು ಯಾವುದೆಂದು ಕೇಳಬೇಕಾಗಿರಲಿಲ್ಲ. ಅದಿಲ್ಲದ ಪಟ್ಟಿ ಬೋಲ್ಟಿನ ಮೇಲೆ ಸುಮ್ಮನೆ ನೇತುಬಿದ್ದಿರುತ್ತದೆ. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಕುಲುಕಿ ಕುಲುಕಿ ಅದು ಅಂಚಿಗೆ ಜಾರುತ್ತಾ ಬರುತ್ತದೆ. ಇಳಿಜಾರಿನಲ್ಲಿ ಬಲವಾಗಿ ಬ್ರೇಕು ಒತ್ತಿದಾಗ ಕಳಚಿಕೊಂಡರೆ, ಚಕ್ರದ ಜೊತೆ ಬ್ರೇಕಿನ ತಟ್ಟೆಯೂ ಗಿರ್ರನೆ ತಿರುಗಿ, ಒಂದೋ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಹಿಂದಿನ ಬ್ರೇಕೇ ಇಲ್ಲವಾಗುತ್ತದೆ. ಆ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ.

"ಅವಳ ಗಾಡೀದು" ಎಂದಷ್ಟೇ ಹೇಳಿದರು. ಹೆಂಡತಿಯ ಮುಖ ಬಿಳುಚಿಕೊಂಡಿತು.

ಮಗಳಿಗೆ ಫೋನು ಮಾಡಿದರು. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಗಾಡಿಯ ಮೇಲಿರುವಾಗ ಫೋನು ಚೀಲದೊಳಗೇ ಇರಬೇಕು, ಎಷ್ಟು ಹೊಡೆದುಕೊಂಡರೂ ಮುಟ್ಟಬಾರದು ಎಂದು ಕಲಿಸಿದವರು ಅವರೇ. ಅಜ್ಜಿಯ ಮನೆಯಲ್ಲಿದ್ದರೂ ಚೀಲ ಬಾಗಿಲಲ್ಲೇ ಇರುತ್ತದೆ, ಕೈಯಲ್ಲಿ ಸೂಜಿ ಇರುತ್ತದೆ. ಹೇಳಿದ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸುವ ಮಗಳು ಯಾಕೆ ಹುಟ್ಟಿದಳೋ ಎನಿಸಿತು.

ನಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬೀದಿಗೆ ಓಡಿದರು. ಮೇಷ್ಟ್ರು ಆಗತಾನೇ ಗೇಟು ಹಾಕುತ್ತಿದ್ದರು.

"ಮೇಷ್ಟ್ರೇ, ಗಾಡಿ ಕೊಡಿ, ಗಾಡಿ!"

"ಗಾಡಿ ಎಲ್ಲಿದೆ ಮಾಮ? ಶೋರೂಮಲ್ಲಿ ಅಂದ್ನಲ್ಲ."

ಶೋರೂಮು. ಉದ್ಯಾನ ದಾಟಿ, ಇಳಿಜಾರು ಶುರುವಾಗುವ ಮೊದಲು, ರಸ್ತೆಯ ಪಕ್ಕದಲ್ಲೇ ಇರುವ ಆ ಗಾಜಿನ ಕಟ್ಟಡ. ಮಗಳು ಅಜ್ಜಿಯ ಮನೆಯಿಂದ ಹೊರಟರೆ ಅದರ ಮುಂದೆಯೇ ಹೋಗಬೇಕು.

"ಅವ್ರ ನಂಬರ್ ಇದೆಯಾ ನಿಮ್ಮ ಹತ್ರ? ಹಚ್ಚಿ ಕೊಡಿ. ಬೇಗ."

ಮೇಷ್ಟ್ರು ಹುಬ್ಬೇರಿಸಿದರು. ಆದರೆ ಮಾಮನ ಮುಖ ನೋಡಿ, ಬಾಯಿಗೆ ಬಂದ ಕುಚೋದ್ಯವನ್ನು ಹಾಗೇ ನುಂಗಿ ಫೋನು ಹಚ್ಚಿದರು. ಆ ಕಡೆ ಒಬ್ಬ ಹುಡುಗಿ ಇನಿದಾದ ದನಿಯಲ್ಲಿ, "ನಮಸ್ಕಾರ ಸಾರ್, ನಿಮ್ಮ ಗಾಡಿ ಯಾವ ಮಾಡೆಲ್ ಸಾರ್?" ಎಂದಳು.

"ಫೋರ್‌ಮನ್ ಅವ್ರನ್ನ ಕರೀಯಮ್ಮ. ಜೀವದ ಪ್ರಶ್ನೆ."

"ಸರ್ವಿಸ್ ಬುಕಿಂಗಾ, ಕಂಪ್ಲೇಂಟಾ ಸಾರ್?"

"ಕರೀ ಅಂದ್ನಲ್ಲಮ್ಮ!"

ಫೋನಿನಲ್ಲಿ ಸಂಗೀತ ಶುರುವಾಯಿತು. ಯಾರದೋ ಮದುವೆ ಮನೆಯಲ್ಲಿ ನಿಂತಂತೆ ಆ ಸಂಗೀತ ಕೇಳುತ್ತಾ ಮಾಮ ಬೀದಿಯ ಕೊನೆಯತ್ತ ಓಡುತ್ತಿದ್ದರು. ಹಿಂದೆ ಹೆಂಡತಿ, ಅವಳ ಹಿಂದೆ ತಮ್ಮ ಫೋನಿನ ಮೇಲೆ ಕಣ್ಣಿಟ್ಟ ಮೇಷ್ಟ್ರು. ಮೂಲೆಯಲ್ಲಿ ಸಿಕ್ಕಿದ ಆಟೋಗೆ ಮೂವರೂ ತುರುಕಿಕೊಂಡರು. ಸಂಗೀತ ನಿಂತಿತು.

"ಹೇಳಿ, ಫೋರ್‌ಮನ್."

ಆ ದನಿ ಬದಲಾಗಿರಲಿಲ್ಲ. ಮಾಮನ ಮಣಿಕಟ್ಟು ಚುಳ್ಳೆಂದ ಹಾಗಾಯಿತು.

"ನಾನು... ಕನ್ನಡಕದ ಅಂಗಡಿಯವನು. ಹಸಿರು ಗಾಡಿ."

ಆ ಕಡೆಯಿಂದ, "ಓಹೋ, ನೀವಾ? ಮಕ್ಕಳ ಸೈಕಲ್ ಏನಾದ್ರೂ ರಿಪೇರಿಗಿತ್ತಾ?"

ಬೇರೆ ಯಾವ ದಿನವಾದರೂ ಮಾಮ ಅಲ್ಲೇ ಫೋನಿಟ್ಟುಬಿಡುತ್ತಿದ್ದರು. "ಬೈಯಿರಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ" ಎಂದರು. "ಹಿಂದಿನ ಬ್ರೇಕಿನ ಪಟ್ಟಿಗೆ ನಟ್ಟು ಹಾಕ್ದೆ ಗಾಡಿ ಕಳಿಸ್ಬಿಟ್ಟಿದೀನಿ. ತಪ್ಪು ನಂದೇ. ಮಗಳು ಓಡಿಸ್ತಿದಾಳೆ. ಈಗ ನಿಮ್ಮ ಮುಂದೇನೇ ಬರ್ತಾಳೆ, ಹಿಂದೆ ಕೆಂಪು ಡಬ್ಬಿ ಇದೆ. ಇಳಿಜಾರಿಗೆ ಬಿಡಬೇಡಿ. ಕೈಮುಗೀತೀನಿ."

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಗಾಜಿನ ಬಾಗಿಲು ತೆರೆದ ಸದ್ದು, ಮತ್ತೆ ರಸ್ತೆಯ ಗದ್ದಲ ಕೇಳಿಸಿತು. ಅವನು ಫೋನು ಹಿಡಿದೇ ಓಡುತ್ತಿದ್ದ.

"ಹಸಿರು ಬರ್ತಿದೆ" ಎಂದ. "ಏ ಅಮ್ಮಾ! ನಿಲ್ಸು! ನಿಲ್ಸಮ್ಮಾ!"

ಮಾಮ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಎಲ್ಲ ಸದ್ದಿನ ನಡುವೆ ಅವರಿಗೆ ಒಂದು ಸದ್ದು ಬೇರೆಯಾಗಿ ಕೇಳಿಸಿತು. ತಾವೇ ಹದಮಾಡಿದ ಎಂಜಿನ್ ಅದು. ಕಣ್ಣು ಮುಚ್ಚಿದರೂ ಗುರುತು ಸಿಗುವ ಆ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ನಿಲ್ಲಲಿಲ್ಲ. ದಾಟಿಕೊಂಡು ಸಣ್ಣದಾಗುತ್ತಾ ಹೋಯಿತು.

"ನಿಲ್ಲಲಿಲ್ಲ ಯಜಮಾನ್ರೇ. ಚೀಟಿ ಹಂಚೋರು ಅಂದ್ಕೊಂಡ್ಲು. ಬೇಡ ಅಂತ ಕೈ ಆಡಿಸ್ಕೊಂಡು ಹೋದ್ಲು."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಕೈ ಆಡಿಸುವುದನ್ನೂ ಕಲಿಸಿದವರು ಮಾಮನೇ.

"ಹಿಂದೆ ಹೋಗಿ" ಎಂದರು. "ನಿಲ್ಸು ಅಂದ್ರೆ ನಿಲ್ಲಲ್ಲ ಅವಳು. ಟ್ರೇ ಖಾಲಿ ಆಗಿಲ್ಲ ಅಂತ ಕೂಗಿ."

"ಏನಂತ?"

"ಟ್ರೇ ಖಾಲಿ ಆಗಿಲ್ಲ! ಅಷ್ಟೇ ಕೂಗಿ. ಅವಳಿಗೆ ಅರ್ಥ ಆಗುತ್ತೆ."

"ಯಾವ ಟ್ರೇನೋ ದೇವ್ರೇ" ಎನ್ನುತ್ತಾ ಫೋರ್‌ಮನ್ ಫೋನನ್ನು ಯಾರ ಕೈಗೋ ತುರುಕಿದ. ಒಂದು ಬೈಕು ಶುರುವಾಗಿ ಭರ್ರೆಂದು ಹೋದದ್ದು ಕೇಳಿಸಿತು. ಆಮೇಲೆ ಅದೇ ಹುಡುಗಿಯ ದನಿ. "ಸಾರ್, ಫೋರ್‌ಮನ್ ಸಾರ್ ಹೋದ್ರು. ನೀವು ಲೈನಲ್ಲೇ ಇರಿ ಸಾರ್."

ಆಟೋ ಓಡುತ್ತಿತ್ತು. ಪ್ರತಿ ತಿರುವಿನಲ್ಲೂ ಮಾಮನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಉದ್ಯಾನ ಹೋಯಿತು. ಶೋರೂಮಿನ ಮುಂದೆ ಫೋನು ಹಿಡಿದ ಹುಡುಗಿ ಅವರ ಆಟೋವನ್ನೇ ಗುರುತು ಹಿಡಿದಂತೆ ಕೆಳಗಿನ ರಸ್ತೆಯತ್ತ ಕೈ ತೋರಿಸಿದಳು. ಎದುರಿನಿಂದ ಒಂದು ಲಾರಿ ಏದುಸಿರು ಬಿಡುತ್ತಾ ಏರು ಹತ್ತಿ ಬರುತ್ತಿತ್ತು. ಅದರ ಮುಂಭಾಗದಲ್ಲಿ ಗೀರೇನಾದರೂ ಇದೆಯೇ ಎಂದು ಮಾಮ ನೋಡಿದರು. ನೋಡಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂತು.

ಇಳಿಜಾರಿನ ಮೊದಲ ತಿರುವು ದಾಟಿದೊಡನೆ ತಡೆಗೋಡೆಯ ಪಕ್ಕದಲ್ಲಿ ಎರಡು ಬೈಕು ಕಂಡವು. ಒಂದು ಹಸಿರು. ಇನ್ನೊಂದು ಈಗಷ್ಟೇ ತೊಳೆದು ಥಳಥಳ ಹೊಳೆಯುತ್ತಿತ್ತು.

"ಅಯ್ಯೋ, ಅದು ನನ್ನದಲ್ವಾ!" ಎಂದರು ಮೇಷ್ಟ್ರು.

ಮಗಳು ಗೋಡೆಯ ಮೇಲೆ ಕೂತಿದ್ದಳು. ಕೆಂಪು ಡಬ್ಬಿ ತೊಡೆಯ ಮೇಲಿತ್ತು, ಎರಡೂ ಕೈ ಅದರ ಸುತ್ತ. ತಾಯಿ ಓಡಿಹೋಗಿ ಅವಳ ಮುಖ, ತೋಳು, ಮೊಣಕಾಲು ಎಲ್ಲ ಮುಟ್ಟಿ ನೋಡಿದಳು. ಮಾಮ ಆಟೋದ ಪಕ್ಕದಲ್ಲೇ ನಿಂತರು.

"ಯಾರೋ ಪಕ್ಕಕ್ಕೆ ಬಂದು ಕೂಗ್ತಿದ್ರು ಅಪ್ಪ" ಎಂದಳು ಮಗಳು. "ಮೊದ್ಲು ಬೈಯೋಣ ಅಂತಿದ್ದೆ. ಆಮೇಲೆ ಟ್ರೇ ಅಂದಿದ್ದು ಕೇಳಿಸ್ತು. ಬ್ರೇಕಿಂದ ಕಾಲು ತೆಗಿ, ಗೇರ್ ಇಳಿಸು, ಮುಂದಿನ ಬ್ರೇಕು ಮೆಲ್ಲಗೆ ಹಿಡಿ ಅಂತ ಅವ್ರೇ ಹೇಳ್ತಾ ಬಂದ್ರು."

ಫೋರ್‌ಮನ್ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಈ ವರ್ಷಗಳಲ್ಲಿ ಅವನ ತಲೆಗೂದಲು ನರೆತಿತ್ತು. ಬೋಲ್ಟಿನತ್ತ ಬೆರಳು ತೋರಿಸಿದ. ಪಟ್ಟಿ ಬೋಲ್ಟಿನ ತುದಿಗೆ ಬಂದು ಉಗುರಿನ ಅಂಚಿನಷ್ಟು ಮಾತ್ರ ಹಿಡಿದುಕೊಂಡಿತ್ತು.

ಮಾಮ ಮುಷ್ಟಿ ಬಿಚ್ಚಿದರು. ನಟ್ಟಿನ ಆರೂ ಮೂಲೆಗಳು ಅಂಗೈಯಲ್ಲಿ ಅಚ್ಚೊತ್ತಿದ್ದವು. ಕೆಳಗೆ ಕೂತು ಅದನ್ನು ಬೋಲ್ಟಿಗೆ ಹಚ್ಚಲು ನೋಡಿದರು. ಮರೆ ಕಚ್ಚಲಿಲ್ಲ. ಮತ್ತೆ ಹಚ್ಚಿದರು. ಮಿಣುಕು ಸ್ಕ್ರೂಗಳನ್ನು ಕನ್ನಡಕಕ್ಕೆ ಹಾಕುವ ಬೆರಳುಗಳು ಗಡಗಡ ನಡುಗುತ್ತಿದ್ದವು. ನಟ್ಟು ಜಾರಿ ಮಣ್ಣಿಗೆ ಬಿತ್ತು.

ಫೋರ್‌ಮನ್ ಅದನ್ನು ಎತ್ತಿ, ತನ್ನ ಅಂಗಿಗೆ ಒರೆಸಿ, ಅಂಗೈಯಲ್ಲಿಟ್ಟುಕೊಂಡು ಕಾದ. ಹಾಕಲೇ ಎಂದು ಬಾಯಿಬಿಟ್ಟು ಕೇಳಲಿಲ್ಲ. ತಾನಾಗಿ ಹಾಕಲೂ ಇಲ್ಲ.

"ಹಾಕಿ" ಎಂದರು ಮಾಮ.

ಅವನು ಪಟ್ಟಿಯನ್ನು ಒಳಕ್ಕೆ ತಳ್ಳಿ, ನಟ್ಟು ತಿರುಗಿಸಿ, ಜೇಬಿನಿಂದ ಸ್ಪ್ಯಾನರ್ ತೆಗೆದು ಬಿಗಿದ. ಮಾಮ ಅವನ ಮಣಿಕಟ್ಟನ್ನೇ ನೋಡುತ್ತಿದ್ದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ, ಒಂದು ಎಳೆಯೂ ಹೆಚ್ಚಿಲ್ಲ.

"ನಮ್ಮಲ್ಲೂ ಆಗುತ್ತೆ ಯಜಮಾನ್ರೇ" ಎಂದ ಅವನು, ಸ್ಪ್ಯಾನರ್ ಒರೆಸುತ್ತಾ. "ಅದಕ್ಕೇ ಒಬ್ಬ ಮಾಡಿದ್ದನ್ನ ಇನ್ನೊಬ್ಬ ಮುಟ್ಟಿ ನೋಡ್ಬೇಕು ಅಂತ ಈಗ ಇಟ್ಕೊಂಡಿದೀವಿ. ನೀವು ಒಬ್ರೇ ಅಲ್ವಾ, ಯಾರು ನೋಡ್ತಾರೆ?"

ಆ 'ಈಗ' ಎಂಬುದರಲ್ಲಿ ಹಳೆಯ ಎಣ್ಣೆ ಬಿರಡೆಯ ಮಾತೂ ಇತ್ತೋ ಇಲ್ಲವೋ. ಮಾಮ ಕೇಳಲಿಲ್ಲ.

ಮಗಳು ಎದ್ದು ಡಬ್ಬಿಯನ್ನು ಬೈಕಿಗೆ ಕಟ್ಟತೊಡಗಿದಳು. ತಾಯಿ ಅವಳ ತೋಳು ಹಿಡಿದಳು. "ಬೇಡ ಕಣೇ, ಆಟೋದಲ್ಲಿ ಹೋಗು. ಇಲ್ಲ, ಇವತ್ತು ಹೋಗ್ಲೇಬೇಡ."

"ಅಮ್ಮ, ಆಟೋ ಹತ್ತಿ ಕೆಳಗೆ ಹೋದ್ರೂ ಆಮೇಲೆ ಮನೆಮನೆ ಸುತ್ತೋಕೆ ಗಾಡಿ ಬೇಕು. ಇವತ್ತು ಹತ್ತದಿದ್ರೆ ನಾಳೇನೂ ಹತ್ತಲ್ಲ ನಾನು."

ಅವಳು ಬಗ್ಗಿ ಪಟ್ಟಿಯನ್ನು ಹಿಡಿದು ಅಲುಗಾಡಿಸಿದಳು. ನಟ್ಟಿನ ಮೇಲೆ ಬೆರಳಿಟ್ಟು ತಿರುಗಿಸಲು ನೋಡಿದಳು. ಅಪ್ಪ ಹಾಕಿದ ಯಾವುದನ್ನೂ ಇದುವರೆಗೆ ಅವಳು ಹಾಗೆ ಪರೀಕ್ಷಿಸಿದ್ದಿಲ್ಲ. ಅದನ್ನು ನೋಡುವಾಗ ಮಾಮನ ಎದೆಯಲ್ಲಿ ಏನೋ ಮುರಿದಂತಾಯಿತು, ಆದರೆ ಉಸಿರು ಮಾತ್ರ ಸರಾಗವಾಯಿತು.

ಗಾಡಿ ಹೊರಟಿತು. ಎರಡನೆಯ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಹೊತ್ತಿತು, ಆರಿತು. ಮರಗಳ ಮರೆಯಲ್ಲಿ ಹೋಗಿ ಇನ್ನೂ ಕೆಳಗೆ ಮತ್ತೆ ಕಾಣಿಸಿತು. ನಾಲ್ವರೂ ಗೋಡೆಗೆ ಕೈಯೂರಿ ನಿಂತು ನೋಡುತ್ತಿದ್ದರು. ಮಾಮನ ಫೋನು ಹೊಡೆದುಕೊಂಡಾಗ ಹೆಂಡತಿ ಬೆಚ್ಚಿಬಿದ್ದಳು.

"ತಲುಪಿದೆ ಅಪ್ಪ."

ಆಗ ಹೆಂಡತಿ ಗೋಡೆಯ ಮೇಲೆ ಕುಸಿದು ಕೂತು ಅತ್ತಳು. "ನನ್ನಿಂದಾನೇ ಆಗಿದ್ದು. ಆ ಹಾಳು ಡಬ್ಬಿಗೆ ಹಾಕ್ದೆ..."

"ನಿನ್ನಿಂದಲ್ಲ ಕಣೇ" ಎಂದರು ಮಾಮ. "ನಾನು ಟ್ರೇ ನೋಡ್ದೆ. ಗಾಡಿ ನೋಡ್ಲಿಲ್ಲ."

ಫೋರ್‌ಮನ್ ಬೈಕಿನ ಕಡೆ ನಡೆದವನು ತಿರುಗಿದ. "ಬ್ರೇಕಿನ ಕೆಲ್ಸ ಇದ್ದಾಗ ತನ್ನಿ ಯಜಮಾನ್ರೇ."

"ತರ್ತೀನಿ. ಆದ್ರೆ ಪಕ್ಕದಲ್ಲಿ ನಿಂತು ನೋಡ್ತೀನಿ."

"ಗಿರಾಕಿಗಳನ್ನ ಒಳಗೆ ಬಿಡಲ್ಲ, ಗಾಜಿನಾಚೆ ಕೂರ್ಬೇಕು."

"ಹಾಗಾದ್ರೆ ತರಲ್ಲ."

ಫೋರ್‌ಮನ್ ಬೈಕಿನ ಹ್ಯಾಂಡಲ್ ಹಿಡಿದ. "ಒಂದು ಸ್ಟೂಲ್ ಹಾಕಿಸ್ತೀನಿ. ಆದ್ರೆ ಬಾಯಿ ತೆಗೀಬಾರ್ದು."

"ಅದು ಇವರ ಕೈಲಾಗಲ್ಲ" ಎಂದರು ಮೇಷ್ಟ್ರು. "ಮೊದ್ಲು ನನ್ನ ಗಾಡಿ ಕೊಡ್ರಪ್ಪ, ಶಾಲೆಗೆ ಗಂಟೆ ಹೊಡೆದಾಯ್ತು."

ಮುಂದಿನ ಸಲ ಚೈನು ಸಡಿಲವಾದಾಗ ಮಾಮ ಮನೆಯಲ್ಲೇ ಬಿಚ್ಚಿದರು. ಆ ಮೊಟ್ಟೆ ಟ್ರೇಯೇ ಪಕ್ಕದಲ್ಲಿತ್ತು. ಎಲ್ಲ ಹಾಕಿ ಮುಗಿಸಿದ ಮೇಲೆ ಟ್ರೇ ಖಾಲಿ ಎಂದು ಅವರು ಹೇಳಲಿಲ್ಲ. ಸ್ಪ್ಯಾನರನ್ನು ಮಗಳ ಕೈಗೆ ಕೊಟ್ಟು ಬದಿಗೆ ಸರಿದರು. ಅವಳು ಅವಸರವಿಲ್ಲದೆ ಗಾಡಿಯ ಸುತ್ತ ಕೂತು, ಎದ್ದು, ಒಂದೊಂದು ನಟ್ಟನ್ನೂ ಮುಟ್ಟುತ್ತಾ ಬಂದಳು. ಅವಳ ಬೆರಳು ಹೋದಲ್ಲೆಲ್ಲ ಮಾಮನ ಕಣ್ಣೂ ಹೋಗುತ್ತಿತ್ತು.

"ಸರಿಯಿದೆ" ಎಂದಳು ಮಗಳು ಕೊನೆಗೆ.

"ಒಂದ್ನಿಮಿಷ ತಡಿ, ಹೊರಡಬೇಡ" ಎಂದು ಒಳಗಿನಿಂದ ತಾಯಿ ಕೂಗಿದಳು. ಗುಂಡಿ ಡಬ್ಬಿಯನ್ನು ಎತ್ತಿಕೊಂಡು ಬಂದು, ಅಂಗಳದಲ್ಲಿ ಹಳೆಯ ಬಟ್ಟೆ ಹಾಸಿ, ಅದರ ಮೇಲೆ ಡಬ್ಬಿಯನ್ನು ಬುಡಮೇಲು ಮಾಡಿದಳು. ಗುಂಡಿಗಳು ಝಲ್ಲೆಂದು ಚೆಲ್ಲಿದವು. ಮೂವರೂ ಬಗ್ಗಿ ನೋಡಿದರು. ಗುಂಡಿ, ಕೊಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ.

"ನಂದೂ ನೋಡ್ಕೊಳ್ಳಿ" ಎಂದಳು. "ಈಗ ಹೋಗಿ ಬಾ."